ಹಂದಿ ಹರಾಜಿನ ಕೆಳಗಿನ ಪ್ರಕಟಣೆ

ಓರ್ಫಾ ಟಾಲೆಫ್ಸನ್ ರಾಜ್ಯದ ಸೈನಿಕರ ಮನೆಸಾಲ ಮಂಡಳಿಯಲ್ಲಿ ಮೂವತ್ತೊಂದು ವರ್ಷದಿಂದ ಗುಮಾಸ್ತೆ. ಮಂಡಳಿ ಬಾಂಡ್ ಮಾರುತ್ತದೆ, ಬ್ಯಾಂಕುಗಳು ಕೊಳ್ಳುತ್ತವೆ, ಆ ದುಡ್ಡಿನಲ್ಲಿ ಸೈನ್ಯದಿಂದ ಬಂದವರು ಮನೆ ಮಾಡಿಕೊಳ್ಳುತ್ತಾರೆ, ಅವರು ಕಟ್ಟುವ ಕಂತಿನಿಂದಲೇ ಬಾಂಡ್ ತೀರುತ್ತದೆ. ಇಷ್ಟು ಸರಳವಾದದ್ದನ್ನು ಕೆಡಿಸಲು ವಿದ್ಯಾವಂತರೇ ಬೇಕು.

ಆ ವರ್ಷ ಅಂಥವನೊಬ್ಬ ನಿರ್ದೇಶಕನಾಗಿ ಬಂದ. ಹೆಸರು ಬ್ರೆಂಟ್. ಕೋಟಿನ ಮೇಲೆ ಬಾವುಟದ ಪಿನ್ನು, ಬಾಯ್ತುಂಬ ಸೈನಿಕರ ತ್ಯಾಗ. ಬಾಂಡ್ ಮಾರುವ ಇಪ್ಪತ್ತು ದಿನ ಮೊದಲು ಮಂಡಳಿಯ ಕಚೇರಿಯಿರುವ ಜಿಲ್ಲೆಯಲ್ಲೇ ಅಚ್ಚಾಗುವ ಪತ್ರಿಕೆಯಲ್ಲಿ ಗುಮಾಸ್ತೆ ಪ್ರಕಟಣೆ ಕೊಡಬೇಕು ಎಂಬುದು ನಿಯಮ. ಜಿಲ್ಲೆಯ ದಿನಪತ್ರಿಕೆ ಚಳಿಗಾಲದಲ್ಲೇ ಅಚ್ಚು ನಿಲ್ಲಿಸಿತ್ತು. ವೆಬ್‌ಸೈಟಿಗೆ ಹಾಕಿದರೆ ಸಾಕು ಅಂದ ಬ್ರೆಂಟ್.

"ಪೇಪರ್ ಈಗ ಯಾರು ಓದ್ತಾರೆ, ಓರ್ಫಾ?"

"ಯಾರೂ ಓದಲ್ಲಪ್ಪ. ಆದ್ರೆ ವಕೀಲ್ರು ಕೇಳ್ತಾರೆ."

ಅವನು ನಕ್ಕು ಹೋದ. ಓರ್ಫಾಳಿಗೆ ನಗು ಬರಲಿಲ್ಲ. ಸಾಲಕ್ಕೆ ಕಾದು ಕೂತವರಲ್ಲಿ ಸಾರ್ಜೆಂಟ್ ಡೇಲ್ ರಸ್ಕ್ ಒಬ್ಬ. ಎರಡೂ ಕಾಲಿಲ್ಲ, ವಾಸ ಮೂರನೇ ಮಹಡಿ, ಲಿಫ್ಟು ಕೆಟ್ಟು ತಿಂಗಳುಗಳೇ ಆಗಿವೆ. ಮೆಟ್ಟಿಲಿಲ್ಲದ ಒಂದು ಮನೆ ನೋಡಿಟ್ಟಿದ್ದ. ಮಾಲೀಕ ಏಪ್ರಿಲ್ ಮುಗಿಯುವವರೆಗೆ ಮಾತ್ರ ಕಾಯುತ್ತೇನೆ ಎಂದಿದ್ದ. ರಸ್ಕ್ ಒಮ್ಮೆ ಫೋನಿನಲ್ಲಿ ಕೇಳಿದ್ದು ಒಂದೇ: "ಮೇಡಂ, ನನ್ನ ಟಪಾಲು ನಾನೇ ಹೋಗಿ ತಗೊಳ್ಳೋ ದಿನ ಬರುತ್ತಾ?"

ಬ್ರೆಂಟ್ ನಕ್ಕು ಹೋದ ಮರುದಿನವೇ ಓರ್ಫಾ ರುಬಾರ್ಬ್ ಪೈ ಎಂಬ ಸಿಹಿತಿಂಡಿಯೊಂದನ್ನು ಕಾರಿನಲ್ಲಿಟ್ಟುಕೊಂಡು ಹೊರಟಳು. ಅದೇ ಜಿಲ್ಲೆಯ ಒಂದು ಟ್ರ್ಯಾಕ್ಟರ್ ಶೆಡ್ಡಿನಲ್ಲಿ ಮರ್ಲ್ ಸ್ಕೋವ್ ಎಂಬ ಮುದುಕ ಇನ್ನೂ ಒಂದು ವಾರಪತ್ರಿಕೆ ಅಚ್ಚು ಹಾಕುತ್ತಿದ್ದ. ಪೈ ತಿಂದ, ಪ್ರಕಟಣೆಗೆ ಜಾಗ ಕೊಟ್ಟ, ಅಚ್ಚಾದ ಮೇಲೆ ಅದು ಅಚ್ಚಾಗಿದೆ ಎಂಬ ಪ್ರಮಾಣಪತ್ರಕ್ಕೆ ಸಹಿಯನ್ನೂ ಹಾಕಿದ.

ಮಾರಾಟದ ದಿನ ಬಾಂಡಿನ ಕಾಗದ ಪರೀಕ್ಷಿಸಿ ಸಹಿ ಹಾಕಬೇಕಾದ ವಕೀಲೆ ಕನ್ನಡಕ ಏರಿಸಿ ಪತ್ರಿಕೆಯ ತುಣುಕು ಕೇಳಿದಳು. ಬ್ರೆಂಟ್ ಲ್ಯಾಪ್‌ಟಾಪು ತಿರುಗಿಸಿದ. ಆಕೆ ಪೆನ್ನಿನ ಮುಚ್ಚಳ ಹಾಕಿಬಿಟ್ಟಳು. ಹೊಸದಾಗಿ ಪ್ರಕಟಿಸಿ ಮತ್ತೆ ಇಪ್ಪತ್ತು ದಿನ ಕಾಯಬೇಕು ಅಂದಳು. ಅಷ್ಟರಲ್ಲಿ ಏಪ್ರಿಲ್ ಮುಗಿದುಹೋಗುತ್ತಿತ್ತು.

ಓರ್ಫಾ ಊಟದ ಚೀಲದಿಂದ ಮರ್ಲ್‌ನ ವಾರಪತ್ರಿಕೆಯ ಗುಲಾಬಿ ಬಣ್ಣದ ಹಾಳೆ ತೆಗೆದು ಮೇಜಿನ ಮೇಲೆ ಹರವಿದಳು.

"ಹಂದಿ ಹರಾಜಿನ ಕೆಳಗೆ ನೋಡಿ. ಚರ್ಚಿನ ಪ್ಯಾನ್‌ಕೇಕ್ ಊಟದ ಜಾಹೀರಾತಿಗಿಂತ ಮೇಲೆ."

ಪೆನ್ನಿನ ಮುಚ್ಚಳ ಮತ್ತೆ ತೆರೆಯಿತು.

ಮಾರನೆಯ ದಿನದ ಪತ್ರಿಕಾ ಹೇಳಿಕೆಯಲ್ಲಿ ಬ್ರೆಂಟನ ದೂರದೃಷ್ಟಿಯಿತ್ತು, ಬಾವುಟವಿತ್ತು, ಓರ್ಫಾಳ ಹೆಸರಿರಲಿಲ್ಲ. ಸೈನಿಕನಿಗೆ ಸೆಲ್ಯೂಟ್ ಹೊಡೆಯಲು ಎಲ್ಲರಿಗೂ ಕೈಯಿದೆ. ಅವನಿಗಾಗಿ ಒಂದು ನಿಯಮ ಓದುವ ಕಣ್ಣು ಎಷ್ಟು ಜನಕ್ಕಿದೆ?

ಮೇ ತಿಂಗಳಲ್ಲಿ ಕಚೇರಿಯ ಫೋನು ಹೊಡೆದುಕೊಂಡಿತು. ರಸ್ಕ್ ಮೆಟ್ಟಿಲಿಲ್ಲದ ತನ್ನ ಹೊಸ ಮನೆಯ ಅಂಗಳದಾಚೆಯ ಟಪಾಲು ಪೆಟ್ಟಿಗೆಯ ಹತ್ತಿರದಿಂದ ಮಾತಾಡುತ್ತಿದ್ದ. ಪೆಟ್ಟಿಗೆಯಲ್ಲಿ ಸಿಕ್ಕಿದ್ದು ಮರ್ಲ್‌ನ ವಾರಪತ್ರಿಕೆ ಮಾತ್ರ.

"ಮೇಡಂ, ಶನಿವಾರ ಹಂದಿ ಹರಾಜಂತೆ. ನಿಮಗೊಂದು ಹಿಡಿದಿಡ್ಲಾ?"