ಮಾತೆ ಮೊದಲೋ ಭತ್ತ ಮೊದಲೋ

ನಮ್ಮ ಮನೆಯ ಚಾಪೆಲ್ ಅಂಗಳದ ಪಡುಬದಿಯಲ್ಲಿದೆ. ಒಳಗೆ ಹತ್ತು ಜನ ಮೊಣಕಾಲೂರಿದರೆ ಹನ್ನೊಂದನೆಯವರಿಗೆ ಮೆಟ್ಟಿಲೇ ಗತಿ. ಕೆಂಪುಕಲ್ಲಿನ ಗೋಡೆ, ಹಂಚಿನ ಮಾಡು, ಮಾಡಿಗೆ ತಾಗುವಷ್ಟು ಎತ್ತರದಲ್ಲಿ ಅಂಗೈಯಗಲದ ಎರಡು ಕಿಂಡಿ, ಎದುರಿಗೆ ಕಮಾನಿನ ಗೂಡಿನಲ್ಲಿ ಮಾತೆಯ ಮರದ ಪ್ರತಿಮೆ. ಮದುವೆಯಾಗಿ ಬಂದಂದಿನಿಂದ ಅದನ್ನು ಗುಡಿಸಿ ಒರೆಸುವವಳು ನಾನು. ಕಟ್ಟಿಸಿದವರು ಯಾರು ಎಂದು ಒಮ್ಮೆಯೂ ಕೇಳಿರಲಿಲ್ಲ.

ಕೇಳಬೇಕಾಗಿ ಬಂದದ್ದು ಅತ್ತೆಯ ದೆಸೆಯಿಂದ. ಸೊಂಟ ಮುರಿದ ಮೇಲೆ ಅವರಿಗೆ ಇಗರ್ಜಿಗೆ, ಅಂದರೆ ಊರ ಚರ್ಚಿಗೆ, ಹೋಗಲಾಗುತ್ತಿಲ್ಲ. ಪೈವಳಿಕೆಯ ಏರುದಾರಿಯಲ್ಲಿ ಆಟೋ ಒಂದು ಸಲ ಕುಲುಕಿದರೆ ಜೀವ ಹೋದಂತಾಗುತ್ತದೆ. ಅವರಿಗಿದ್ದದ್ದು ಒಂದೇ ಆಸೆ, ಕಣ್ಣು ಮುಚ್ಚುವ ಮೊದಲು ಚಾಪೆಲಿನಲ್ಲಿ ಒಂದು ಬಲಿಪೂಜೆ. ಅಲ್ಲಿ ಜಪಮಾಲೆ ನಡೆಯುತ್ತಿತ್ತು. ಫಾದರ್ ಬಂದು ಪೂಜೆ ಅರ್ಪಿಸಿದ ನೆನಪು ಯಾರಿಗೂ ಇಲ್ಲ. ಮನೆಯ ಚಾಪೆಲಿನಲ್ಲಿ ಪೂಜೆಗೆ ಬಿಷಪರ ಅನುಮತಿ ಬೇಕು. ಅದು ಆಶೀರ್ವಾದ ಪಡೆದ ಜಾಗವಾಗಿರಬೇಕು, ಮನೆಬಳಕೆಗೆ ಉಪಯೋಗಿಸಬಾರದು. "ಅದರ ಚರಿತ್ರೆ ಅರ್ಧ ಪುಟ ಬರೆದುಕೊಡಿ, ಕಾನ್ವೆಂಟಿನಲ್ಲಿ ಕಲಿತವರಲ್ಲವಾ ನೀವು?" ಎಂದರು ಇಗರ್ಜಿಯ ಫಾದರ್.

ಕಾನ್ವೆಂಟಿನಲ್ಲಿ ಕಲಿತದ್ದರಿಂದ ನನ್ನ ಅಕ್ಷರ ದುಂಡಗಿದೆ, ಅಷ್ಟೆ.

ಆ ವಾರ ಹಂಚು ಸರಿಮಾಡಲು ಬಂದಿದ್ದ ಮೇಸ್ತ್ರಿ ಚಾಪೆಲಿನ ಬಾಗಿಲ ಚೌಕಟ್ಟಿನ ಹತ್ತಿರ ನನ್ನನ್ನು ಕರೆದರು. "ಬಾಯಮ್ಮ, ಇದು ಎಂತ ಗೊತ್ತುಂಟಾ?" ದಾರಂದದ ಒಳಮೈಯಲ್ಲಿ ಎರಡೂ ಬದಿ ಮೇಲಿನಿಂದ ಕೆಳಗಿನವರೆಗೆ ಬೆರಳಗಲದ ಕೊರೆತ. ಅದನ್ನು ಅಲಂಕಾರ ಎಂದುಕೊಂಡು ಇಷ್ಟು ವರ್ಷ ಪೊರಕೆಯ ಕಡ್ಡಿ ತೂರಿಸಿ ಧೂಳು ತೆಗೆದಿದ್ದೆ.

"ಅಲಂಕಾರವಾ? ಹಲಗೆ ಇಳಿಸ್ಲಿಕ್ಕೆ ಮಾರಾಯ್ರೆ! ಒಂದರ ಮೇಲೊಂದು ಹಲಗೆ ಇಳಿಸುವುದು, ಹಿಂದೆ ಭತ್ತ ತುಂಬುವುದು. ಭತ್ತ ಕಮ್ಮಿ ಆದ ಹಾಗೆ ಹಲಗೆ ತೆಗೆಯುವುದು. ಕಿಂಡಿ ನೋಡಿ, ಅಷ್ಟು ಮೇಲೆ ಯಾರಾದ್ರೂ ಕಿಟಕಿ ಇಡ್ತಾರಾ? ಇದು ಕಣಜ."

"ಮತ್ತೆ ಕಮಾನು ಉಂಟಲ್ಲ?"

ಮೇಸ್ತ್ರಿ ತಲೆ ಕೆರೆದುಕೊಂಡರು. "ಅದೂ ಹೌದು. ಭತ್ತಕ್ಕೆ ಕಮಾನು ಎಂತಕ್ಕೆ?"

ಕಮಾನಿನ ಕಲ್ಲುಗಳು ಗೋಡೆಯ ಕಲ್ಲುಗಳೊಂದಿಗೆ ಹೆಣೆದುಕೊಂಡಿದ್ದವು, ಆಮೇಲೆ ಸೇರಿಸಿದ್ದಲ್ಲ. ಹಾಗಾದರೆ ಚಾಪೆಲೇ ಮೊದಲು, ಯಾವುದೋ ಕಷ್ಟಕಾಲದಲ್ಲಿ ಭತ್ತ ತುಂಬಿಸಿರಬೇಕು. ಆದರೆ ದಾರಂದವೂ ಗೋಡೆಯಷ್ಟೇ ಹಳೆಯದು. ದಿನಕ್ಕೆ ಮೂರು ಸಲ ಹೋಗಿ ನೋಡಿದೆ. ಬೆಳಗ್ಗೆ ಚಾಪೆಲ್ ಎನಿಸಿದ್ದು ಮಧ್ಯಾಹ್ನಕ್ಕೆ ಕಣಜ ಎನಿಸುತ್ತಿತ್ತು. "ಇಷ್ಟು ನೋಡಿದರೆ ಸಂಜೆಗೆ ಅದು ದನದ ಹಟ್ಟಿಯೂ ಆದೀತು" ಎಂದು ಗಂಡ ನಕ್ಕರು.

ಸುಳ್ಳು ಬರೆಯಲು ಕೈ ಬರಲಿಲ್ಲ. ಕಮಾನನ್ನೂ ಬರೆದೆ, ಕೊರೆತವನ್ನೂ ಬರೆದೆ. ಫಾದರ್ ಓದಿ, ತಾವೇ ಬಂದು ನೋಡಿ, ಅತ್ತೆಯ ಮಂಚದ ಬಳಿ ಕುಳಿತರು. ಅಲ್ಲಿ ಕೊಂಕಣಿಯಲ್ಲಿ ನಡೆದ ಮಾತನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ತೊಂದರೆ ಇಲ್ಲ ಮಾಯಿ. ಆಶೀರ್ವಾದ ಆದದ್ದಕ್ಕೆ ದಾಖಲೆ ಇಲ್ಲ, ಅಷ್ಟೆ. ಅನುಮತಿ ತರಿಸಿ ನಾನೇ ಆಶೀರ್ವದಿಸುತ್ತೇನೆ. ಆಮೇಲೆ ಪೂಜೆ."

"ಬೇಡ" ಎಂದರು ಅತ್ತೆ.

"ಎಂತ ಬೇಡ?"

"ಆಶೀರ್ವಾದ. ನೀವು ಈಗ ಆಶೀರ್ವದಿಸಿದರೆ ಇಷ್ಟು ದಿನ ಅದು ಭತ್ತದ ಕೋಣೆ ಅಂತ ಆಗುವುದಿಲ್ಲವಾ? ನನ್ನ ಗಂಡನನ್ನು ಮಣ್ಣಿಗೆ ಒಯ್ಯುವ ಮೊದಲು ಮಲಗಿಸಿದ್ದು ಅಲ್ಲಿ. ಮಗು ಸತ್ತಾಗ ನಾನು ಹೋಗಿ ಕೂತದ್ದು ಅಲ್ಲಿ. ಹಾಗಾದರೆ ನಾನು ಭತ್ತದ ಹತ್ತಿರ ಮಾತಾಡಿದ್ದಾ?"

"ದೇವರಿಗೆ ಎಲ್ಲಿಂದ ಕರೆದರೂ ಕೇಳುತ್ತದೆ, ಮಾಯಿ."

"ಹಾಗಾದರೆ ಪೂಜೆ ಅಡುಗೆಮನೆಯಲ್ಲಿ ಮಾಡಿ."

ಫಾದರ್ ಚಹಾ ಊದತೊಡಗಿದರು. ನನಗೆ ಇಬ್ಬರದೂ ಸರಿ ಎನಿಸಿ, ಯಾರ ಕಡೆಗೆ ತಲೆಯಾಡಿಸಬೇಕೆಂದು ತಿಳಿಯಲಿಲ್ಲ. ಹೀಗೇ ಬಿಟ್ಟರೆ ಪೂಜೆ ಕೈತಪ್ಪುತ್ತದೆ. ಆಗ ಶಾಲೆಯಲ್ಲಿ ಸಿಸ್ಟರ್ ಕಲಿಸಿದ್ದು ನೆನಪಾಯಿತು. ಒಬ್ಬರಿಗೆ ದೀಕ್ಷಾಸ್ನಾನ ಆಗಿದೆಯೋ ಇಲ್ಲವೋ ಗೊತ್ತಿಲ್ಲದಿದ್ದರೆ, "ಇನ್ನೂ ಆಗಿಲ್ಲದಿದ್ದರೆ" ಎಂಬ ಮಾತು ಸೇರಿಸಿ ಕೊಡುವ ಕ್ರಮವಿದೆ.

"ಫಾದರ್, ಕೋಣೆಗೂ ಹಾಗೆ ಮಾಡಲಿಕ್ಕಾಗುತ್ತದಾ?"

"ಪುಸ್ತಕದಲ್ಲಿ ಹಾಗೆ ಇಲ್ಲ." ಲೋಟ ಕೆಳಗಿಟ್ಟರು. "ಮಾಡಬಾರದು ಅಂತಲೂ ಇಲ್ಲ."

ಅತ್ತೆ ಫಾದರ್ ಕಡೆ ತಿರುಗಿದರು. "ಆಗಲಿ. ಆದರೆ ಆ ಮಾತು ಮಾತೆಗೆ ಕೇಳದ ಹಾಗೆ ಹೇಳಬೇಕು. ಅವಳಿಗೆ ಬೇಜಾರಾಗುತ್ತದೆ."

ಅನುಮತಿ ಬಂದ ವಾರ ಅತ್ತೆಯನ್ನು ಕುರ್ಚಿ ಸಮೇತ ಎತ್ತಿ ಚಾಪೆಲಿನೊಳಗೆ ಕೂರಿಸಿದೆವು. ಫಾದರ್ ಹೊಸ್ತಿಲಲ್ಲಿ ನಿಂತು, ಮಾತೆಗೆ ಬೆನ್ನು ಹಾಕಿ, ಅಂಗಳದ ಕಡೆ ತಿರುಗಿ ತುಟಿಯಾಡಿಸಿದರು. ಪವಿತ್ರ ನೀರಿನ ಪಾತ್ರೆ ಹಿಡಿದು ಒಂದು ಮೊಳ ದೂರದಲ್ಲಿದ್ದ ನನಗೂ ಏನೂ ಕೇಳಿಸಲಿಲ್ಲ. ಆ ಮಾತು ಹೇಳಿದರೋ, ಬರೀ ಆಶೀರ್ವದಿಸಿದರೋ, ಇಂದಿಗೂ ನನಗೆ ತಿಳಿಯದು. ಆಮೇಲೆ ನೀರು ಚಿಮುಕಿಸಿದರು, ಪೂಜೆ ಶುರುವಾಯಿತು.

ಪರಮಪ್ರಸಾದವನ್ನು ನಾಲಗೆಯ ಮೇಲಿಡುವ ಹೊತ್ತಿಗೆ ಅತ್ತೆ ನನ್ನ ಸೆರಗು ಎಳೆದರು. "ಹೇಳಿದರಾ?"

ಹೌದೆಂದರೆ ಅವರಿಗೆ ಸಮಾಧಾನವೋ, ಇಲ್ಲವೆಂದರೆ ಸಮಾಧಾನವೋ, ನನಗೆ ಅದೂ ಗೊತ್ತಾಗಲಿಲ್ಲ.

"ಬಾಯಿ ತೆರೆಯಿರಿ ಮಾಯಿ," ಎಂದೆ, "ಫಾದರ್ ಬಂದರು."