ಆಕೆಯ ಹಿಂದಿನ ಕುರ್ಚಿ

ಕಳೆದ ವಾರ ಬೈಲಹೊಂಗಲದ ನಮ್ಮ ಕಾಲೇಜಿನ ವರಾಂಡದಲ್ಲಿ ಹುಡುಗರು ಕ್ರಿಕೆಟ್ ಆಡಲೆಂದು ತಂದ ಟೆನ್ನಿಸ್ ಚೆಂಡಿನ ಹೊಸ ಡಬ್ಬಿಯ ಮುಚ್ಚಳ ಕಿತ್ತರು. ಒಳಗಿನ ಗಾಳಿ ಸುಸ್ಸೆಂದು ಹೊರಬಂತು. ಅದರ ಹಿಂದೆಯೇ ಹೊಸ ರಬ್ಬರಿನ ವಾಸನೆ, ಚೆಂಡಿನ ಮೇಲಿನ ಹಸಿರು ನೂಲಿನ ವಾಸನೆ. ನಾನು ಪಾಠದ ಪುಸ್ತಕ ಎದೆಗವಚಿಕೊಂಡು ಅಲ್ಲೇ ನಿಂತುಬಿಟ್ಟೆ. “ಮೇಡಂ, ಆರಾಮ ಅದೀರಿಲ್ರಿ?” ಎಂದು ಒಬ್ಬ ಹುಡುಗ ಕೇಳಿದ. ಆರಾಮ ಇದ್ದೇನೆ ಎಂದೆ. ಆದರೆ ಆ ವಾಸನೆ ಬಂದರೆ ನನ್ನೊಳಗಿನ ಗಡಿಯಾರ ಒಂದೇ ಕಡೆ ಹೋಗಿ ನಿಲ್ಲುತ್ತದೆ: ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷ. ಆ ನಿಮಿಷಕ್ಕೆ ಆಕೆಯ ಮೀನಖಂಡ ಹಿಡಿದುಕೊಂಡಿತು. ಆಮೇಲೆ ಯಾವುದೂ ಮೊದಲಿನಂತೆ ಆಗಲಿಲ್ಲ...

ಆಕೆ ಮುನವಳ್ಳಿಯಲ್ಲಿ ನಮ್ಮ ಎದುರು ಮನೆಯ ಹುಡುಗಿ, ನನಗಿಂತ ಆರೇಳು ವರ್ಷ ಸಣ್ಣವಳು. ಅವರಪ್ಪನದು ಹಿಟ್ಟಿನ ಗಿರಣಿ. ಆಣೆಕಟ್ಟಿನ ಕಾಲೊನಿಯಲ್ಲಿ ಇಂಜಿನಿಯರುಗಳಿಗೆಂದು ಯಾವ ಕಾಲದಲ್ಲೋ ಹಾಕಿಸಿದ ಟೆನ್ನಿಸ್ ಅಂಕಣವೊಂದಿತ್ತು. ಹಿಟ್ಟು ಮುಟ್ಟಿಸಲು ಅಪ್ಪನ ಗಾಡಿಯ ಹಿಂದೆ ಕುಳಿತು ಹೋಗುತ್ತಿದ್ದ ಹುಡುಗಿ, ತಂತಿಬೇಲಿಯ ಹೊರಗೆ ಬಿದ್ದ ಚೆಂಡನ್ನು ಒಳಗೆ ಎಸೆಯುತ್ತ ಎಸೆಯುತ್ತ ಒಂದು ದಿನ ತಾನೇ ಒಳಗೆ ಹೋದಳು. ಕೈ ಬೆವರಿದರೆ ಅಂಗೈಗೆ ಜೋಳದ ಹಿಟ್ಟು ಸವರಿಕೊಳ್ಳುತ್ತಿದ್ದಳು. ಮುಂದೆ ದೊಡ್ಡ ಊರುಗಳಲ್ಲಿ ಆಡುವಾಗಲೂ ಚೀಲದ ಮೂಲೆಯಲ್ಲಿ ಆ ಹಿಟ್ಟಿನ ಗಂಟು ಇದ್ದೇ ಇರುತ್ತಿತ್ತು. ಪಂದ್ಯ ಮುಗಿದ ಮೇಲೆ ಅಪ್ಪ ಫೋನಿನಲ್ಲಿ ಕೇಳುವುದು ಒಂದೇ ಮಾತು: “ಇವತ್ತ ಎಷ್ಟ ರೊಟ್ಟಿ ಬಡದಿ ಯವ್ವಾ?”

“ಹತ್ತ ಬಡದೆ ಅಪ್ಪಾ. ಎರಡ ಹೊತ್ತಿದುವು.” ಅವರಿಬ್ಬರ ಲೆಕ್ಕದಲ್ಲಿ ಒಳ್ಳೆಯ ಹೊಡೆತವೆಂದರೆ ರೊಟ್ಟಿ, ತಪ್ಪಿದ್ದು ಹೊತ್ತಿದ ರೊಟ್ಟಿ.

ಆಕೆಯ ಮೊದಲ ಆಟದ ಸ್ಕರ್ಟು ಹೊಲಿದವರು ನಮ್ಮೂರ ಟೇಲರ್ ಕಾಕಾ. ಅಂಥದ್ದನ್ನು ಅವರು ಹಿಂದೆಂದೂ ಹೊಲಿದಿರಲಿಲ್ಲ. “ಇದ ಲಂಗಾನೋ ಚಡ್ಡಿನೋ, ಮೊದಲ ಅದನ್ನ ಹೇಳ್ರಿ,” ಎಂದು ಟೇಪು ಕೊರಳಿಗೆ ಹಾಕಿಕೊಂಡು ಕುಳಿತರು. “ಎರಡೂ ಹೌದು ಕಾಕಾ,” ಎಂದಳು. ಟೆನ್ನಿಸಿನಲ್ಲಿ ಸರ್ವ್ ಮಾಡುವವರಿಗೆ ಎರಡು ಅವಕಾಶ. ಮೊದಲ ಚೆಂಡು ತಪ್ಪಿದರೆ ಎರಡನೆಯದು ಕೈಗೆ ಸಿಗಬೇಕು. ಅದೂ ತಪ್ಪಿದರೆ ಆ ಅಂಕ ಎದುರಾಳಿಗೆ. ಇದನ್ನು ಕೇಳಿ ತಿಳಿದುಕೊಂಡ ಕಾಕಾ ಚೆಂಡು ಕೂರುವಷ್ಟು ಅಗಲದ ಕಿಸೆಯೊಂದನ್ನು ಒಳಗೆ ಇಟ್ಟು ಹೊಲಿದರು. ವೃತ್ತಿಪರ ಆಟಗಾರ್ತಿಯಾದ ಮೇಲೂ ಆಕೆ ಅವರ ಕೈಯಿಂದಲೇ ಹೊಲಿಸಿಕೊಳ್ಳುತ್ತಿದ್ದಳು. ಅಂಗಡಿಗೆ ಬಂದವರಿಗೆಲ್ಲ ಕಾಕಾ ಆಕೆಯ ಫೋಟೋ ತೋರಿಸುವರು. “ಮುಖ ಬಿಡ್ರಿ, ಹೊಲಗಿ ನೋಡ್ರಿ,” ಎಂದು ನಗುವರು.

ಬೆಳಗಾವಿಯಲ್ಲಿ ಕಲಿತಳು, ಆಮೇಲೆ ಮಹಾರಾಷ್ಟ್ರದ ಒಂದು ಅಕಾಡೆಮಿಯಲ್ಲಿ. ವೃತ್ತಿಪರ ಟೆನ್ನಿಸ್ ಎಂದರೆ ಜನ ಟಿ.ವಿ.ಯಲ್ಲಿ ಕಾಣುವ ದೊಡ್ಡ ಅಂಗಣಗಳನ್ನು ನೆನೆಯುತ್ತಾರೆ. ಆಕೆ ಆಡುತ್ತಿದ್ದದ್ದು ಏಣಿಯ ಕೆಳಗಿನ ಮೆಟ್ಟಿಲಿನಲ್ಲಿ. ವಾರಕ್ಕೊಂದು ಊರು, ಕೆಲವೊಮ್ಮೆ ವಾರಕ್ಕೊಂದು ದೇಶ, ಹತ್ತೇ ಜನ ಪ್ರೇಕ್ಷಕರು, ಜಡ್ಡುಗಟ್ಟುವ ಬೆರಳುಗಳು, ಇಷ್ಟಿಷ್ಟೇ ಮೇಲೇರುವ ರ‍್ಯಾಂಕಿಂಗು. ಅವರವ್ವನಿಗೆ ಮೊಣಕಾಲು ನೋವು. ನಾನು ಎಂ.ಎ. ಮುಗಿಸಿ ಕೆಲಸವಿಲ್ಲದೆ ಕುಳಿತಿದ್ದೆ. ಹಾಗಾಗಿ ಜೊತೆಗೆ ನಾನು ಹೊರಟೆ. ಬಟ್ಟೆ ಒಗೆಯುವುದು, ನೀರು ತುಂಬಿಡುವುದು, ಪಂದ್ಯದ ದಿನ ನಸುಕಿನಲ್ಲೇ ಎಬ್ಬಿಸುವುದು ನನ್ನ ಕೆಲಸಗಳು. ಇನ್ನೊಂದೂ ಇತ್ತು. ಅಷ್ಟು ಸಣ್ಣ ಪಂದ್ಯಗಳ ಮೇಲೂ ಜಗತ್ತಿನ ಯಾವುದೋ ಮೂಲೆಯಲ್ಲಿ ಕುಳಿತು ಮೊಬೈಲಿನಲ್ಲಿ ಬಾಜಿ ಕಟ್ಟುವವರಿದ್ದಾರೆ. ಆಕೆ ಸೋತರೆ ಅವರೆಲ್ಲ ಹೊಲಸು ಬರೆದು ಕಳಿಸುತ್ತಿದ್ದರು, ನಮಗೆ ಗೊತ್ತಿರದ ಎಷ್ಟೋ ಭಾಷೆಗಳಲ್ಲಿ. ಸೋತ ದಿನ ಆಕೆ ಸ್ನಾನಕ್ಕೆ ಹೋಗುವ ಮುಂಚೆ ಫೋನನ್ನು ನನ್ನ ಕೈಗೆ ಕೊಟ್ಟು ಹೇಳುತ್ತಿದ್ದಳು: “ಅಕ್ಕಾ, ಕಸಾ ಹೊಡಿ.” ನಾನು ಓದದೆ ಅಳಿಸಿಹಾಕುತ್ತಿದ್ದೆ. ಆಕೆ ತಲೆ ಒರೆಸಿಕೊಳ್ಳುತ್ತ ಬರುವಷ್ಟರಲ್ಲಿ ಫೋನು ಸ್ವಚ್ಛ.

ಆ ಮೂರು ಗಂಟೆ ಹತ್ತು ನಿಮಿಷದ ಪಂದ್ಯ ಉತ್ತರದ ಒಂದು ನಗರದಲ್ಲಿ ನಡೆದ ಸೆಮಿಫೈನಲ್. ಗೆದ್ದರೆ ಮೇಲಿನ ಹಂತದ ಪಂದ್ಯಾವಳಿಗಳ ಬಾಗಿಲು ತೆರೆಯುತ್ತಿತ್ತು. ಅಂದು ಬೆಳಿಗ್ಗೆಯಿಂದ ಆಕೆಯ ಫೋನಿಗೆ ಹಾರೈಕೆಗಳ ಸುರಿಮಳೆ. ಸವದತ್ತಿಯವರು, ಕಿತ್ತೂರಿನವರು, ರಾಮದುರ್ಗದವರು, ಗುರುತೇ ಇಲ್ಲದವರು. ಆಕೆ ಹಾಸಿಗೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು ಓದಿ ಓದಿ ಹೇಳಿದಳು. “ಅಕ್ಕಾ, ಸಾಲಹಳ್ಳಿಯಾಗ, ತೊರಗಲ್ಲಿನಾಗ ಯಾರಿಗೆ ಟೆನ್ನಿಸ್ ಗೊತ್ತೈತಿ? ಅವರೂ ನನ್ನ ಸ್ಕೋರ್ ನೋಡಾಕತ್ತಾರ!” ಇಬ್ಬರಿಗೂ ಹಿಗ್ಗೋ ಹಿಗ್ಗು. ನಮ್ಮ ಸೀಮೆಯೇ ಆಕೆಯ ಬೆನ್ನಿಗೆ ನಿಂತಿದೆ ಎಂದುಕೊಂಡೆವು.

ಮೊದಲ ಸೆಟ್ ಗೆದ್ದಿದ್ದಳು, ಎರಡನೆಯದರಲ್ಲೂ ಮುಂದಿದ್ದಳು. ಆಗ ಮೀನಖಂಡ ಹಿಡಿಯಿತು. ಕುಂಟುತ್ತಲೇ ಆಡಿದಳು, ಬಿಡಲಿಲ್ಲ. ಸೋತಳು. ರೂಮಿಗೆ ಬರುವ ದಾರಿಯಲ್ಲಿ ಆಟೋದೊಳಗೇ ಫೋನು ತೆರೆದಳು. ನನಗೆ ಕೊಡುವ ಮೊದಲು ಆಕೆಯೇ ಓದಿಬಿಟ್ಟಳು. ಅದು ನಮ್ಮ ಕನ್ನಡದಲ್ಲಿತ್ತು: “ಎಲ್ಲಿ ಹೋಗ್ತಿ? ಕಡೀಕ ಊರಿಗೆ ಬರಬೇಕಲ್ಲ. ನಿಮ್ಮವ್ವ ಸಂತಿಗೆ ಒಬ್ಬಾಕಿನ ಹೊಕ್ಕಾಳ, ನೋಡೇನಿ.”

ಆಕೆ ಕೂಡಲೇ ಮನೆಗೆ ಫೋನು ಹಚ್ಚಿದಳು. ಅಪ್ಪ ಹೇಳಿದರು: “ಏನ್ ಹೇಳಲೆವಾ... ಯಾವನೋ ಒಬ್ಬ ಮೊಬೈಲಿನಾಗ ನಿನ್ನ ಹೆಸರು ತೋರಿಸಿದ. ನಮ್ಮ ಹುಡುಗಿ, ನಮ್ಮ ಹುಡುಗಿ ಅಂತ ಎಲ್ಲಾರೂ ರೊಕ್ಕಾ ಹಚ್ಯಾರ. ಈಗ ನೀ ರೊಕ್ಕಾ ತಿಂದು ಆಟಾ ಮಾರಿಕೊಂಡಿ ಅನ್ನಾಕತ್ತಾರ.”

ಬೆಳಗಿನ ಹಾರೈಕೆಗಳ ಅರ್ಥ ನಮಗೆ ಆಗ ತಿಳಿಯಿತು.

ನಾವು ಊರಿಗೆ ಮರಳಿದ ದಿನ ಬೆಳಗಾವಿಯ ಸ್ಟೇಷನ್ನಿಗೆ ಅಪ್ಪ ಕಾರು ತಂದಿದ್ದರು. ಎಲ್ಲಿಯೂ ನಿಲ್ಲಿಸುವುದು ಬೇಡ ಎಂದು ಅವರ ಮನಸ್ಸಿನಲ್ಲಿತ್ತು. ಬೈಲಹೊಂಗಲ ದಾಟಿದ ಮೇಲೆ ಒಂದು ಕ್ರಾಸಿನಲ್ಲಿ ಆಕೆಯೇ ಹಟ ಹಿಡಿದಳು: “ಅಪ್ಪಾ, ನಾ ಕಳ್ಳಿ ಅಲ್ಲ. ಯಾವಾಗ್ಲೂ ನಿಲ್ಲೋ ಕಡೆ ನಿಲ್ಲಸು.” ಚಹಾದಂಗಡಿಯ ಮುಂದೆ ನಿಂತೆವು. ಕಾರಿಗೇ ಚಹಾ ತರಿಸಿಕೊಂಡೆವು. ಮೊದಲು ಇಬ್ಬರು ಹುಡುಗರು ಬಂದು ಸೆಲ್ಫಿ ಕೇಳಿದರು. ಆಕೆ ಕಿಟಕಿ ಇಳಿಸಿ ನಕ್ಕಳು. ಬಿಸಿಲು ಚುರುಗುಟ್ಟುತ್ತಿತ್ತು. ನೋಡುನೋಡುತ್ತಿದ್ದಂತೆ ಬೈಕುಗಳು ಹೆಚ್ಚಾದವು. “ಏ, ಈಕಿನ ಲೇ, ಮಾರಿಕೊಂಡಾಕಿ,” ಎಂದ ಒಬ್ಬ. ಇನ್ನೊಬ್ಬ “ಎಷ್ಟಕ್ಕ ಅಂತ ಕೇಳಲೇ,” ಎಂದ. ಎಲ್ಲರೂ ನಕ್ಕರು. ಯಾರೋ ಕಾರನ್ನು ಅಲುಗಾಡಿಸತೊಡಗಿದರು. ಗ್ಲಾಸಿನ ಚಹಾ ಆಕೆಯ ತೊಡೆಯ ಮೇಲೆ ಚೆಲ್ಲಿತು. ಆಕೆ ಮುಂದಕ್ಕೆ ಬಾಗಿ ಅಪ್ಪನ ಭುಜ ಹಿಡಿದು “ಹೊಡಿ ಅಪ್ಪಾ, ಗಾಡಿ ಹೊಡಿ,” ಎನ್ನುತ್ತಿದ್ದಾಗ ಹಿಂದಿನಿಂದ ಕಲ್ಲು ಬಂತು.

ಹಿಂದಿನ ಗಾಜು ಒಡೆದ ಸದ್ದು ಅಷ್ಟು ದೊಡ್ಡದೇನೂ ಆಗಿರಲಿಲ್ಲ. ಜೋಳದ ಚೀಲ ಹರಿದು ಕಾಳು ಸುರಿದಂತೆ ಆಯಿತು, ಅಷ್ಟೇ. ಯಾರಿಗೂ ಗಾಯವಾಗಲಿಲ್ಲ. ಮುನವಳ್ಳಿ ಮುಟ್ಟುವವರೆಗೆ ಆಕೆಯ ಜಡೆಯಿಂದ ನಾನು ಗಾಜಿನ ಹರಳುಗಳನ್ನು ಆರಿಸುತ್ತಿದ್ದೆ. ಇವತ್ತಿಗೂ ಯಾರಾದರೂ ಹಿಂದಿನಿಂದ ನನ್ನ ಹೆಗಲು ಮುಟ್ಟಿದರೆ ನನ್ನ ಬೆರಳುಗಳು ಏನನ್ನೋ ಆರಿಸತೊಡಗುತ್ತವೆ...

ಪೊಲೀಸರಿಗೆ ಹೇಳಿದೆವು. ಕಲ್ಲು ಎಸೆದವನಾಗಲಿ, ಮೆಸೇಜು ಕಳಿಸಿದವನಾಗಲಿ ಸಿಗಲಿಲ್ಲ. ಸಿಕ್ಕಿದ್ದರೆ ಒಬ್ಬನಿಗೇ ಹೆದರಿಕೊಂಡು ಇರಬಹುದಿತ್ತು.

ಮರುದಿನ ಬೆಳಿಗ್ಗೆ ಟೇಲರ್ ಕಾಕಾ ಬಂದರು. ಕೈಯಲ್ಲಿ ಮಡಿಚಿದ ಹೊಸ ಸ್ಕರ್ಟು. “ಹೆದರಬ್ಯಾಡ ಕೂಸ, ನಾವು ಅದೇವಿ,” ಎಂದು ಆಕೆಯ ತಲೆಯ ಮೇಲೆ ಕೈ ಇಟ್ಟರು. ಚಹಾ ಕುಡಿದರು. ಏಳುವಾಗ ದನಿ ತಗ್ಗಿಸಿ ಕೇಳಿದರು: “ಒಂದ ಮಾತ ಕೇಳ್ತೇನಿ, ಸಿಟ್ಟಾಗಬ್ಯಾಡ. ಖರೇ ಹೇಳು. ಬೇಕಂತನ ಸೋತಿ ಏನು?”

ಆಕೆ ಅವರನ್ನೇ ನೋಡಿದಳು. “ಕಾಕಾ, ನೀವೂ ಹಚ್ಚಿದ್ರಿ?”

“ನಮ್ಮ ಕೂಸಿನ ಮ್ಯಾಲ ಹಚ್ಚದ ಇನ್ಯಾರ ಮ್ಯಾಲ ಹಚ್ಚಲಿ? ನೀ ಗೆದ್ದ ಗೆಲ್ತಿ ಅಂತ ಎದಿಯಾಗ ಇತ್ತವಾ ನನಗ.”

“ಕಾಲು ಹಿಡಕೊಂಡಿತ್ತು ಕಾಕಾ.”

“ಹೌದೌದು,” ಎಂದರು ಕಾಕಾ. ಸುಳ್ಳು ಹೇಳುವ ಮಗುವಿಗೆ ಹಿರಿಯರು ಹೇಳುವ ಹೌದೌದು ಅದು. ಚಪ್ಪಲಿ ಮೆಟ್ಟಿಕೊಂಡು ಹೋದರು. ಕಲ್ಲು ಬಿದ್ದಾಗ ಅಳದ ಹುಡುಗಿ ಆಗ ಅತ್ತಳು.

ಆಟ ಬಿಟ್ಟುಬಿಡು ಎಂದರು ಅವ್ವ. “ಈಗ ಬಿಟ್ರ ಖರೇನ ಮಾರಿಕೊಂಡಂಗ ಆಗ್ತೈತಿ. ಆಡೇ ತೋರಸ್ತೇನಿ,” ಎಂದಳು. ಕಾಲು ಸರಿಹೋಗುತ್ತಲೇ ಮತ್ತೆ ಇಬ್ಬರೂ ಹೊರಟೆವು.

ಓಡುವುದರಲ್ಲಿ, ಹೊಡೆಯುವುದರಲ್ಲಿ ಏನೂ ಕಡಿಮೆಯಾಗಿರಲಿಲ್ಲ. ಸರ್ವ್ ಮಾತ್ರ ಕೈಬಿಟ್ಟಿತು. ಸರ್ವ್ ಮಾಡಲು ಚೆಂಡನ್ನು ತಲೆಯ ಮೇಲೆ ಎತ್ತರಕ್ಕೆ ತೂರಬೇಕು, ಕತ್ತು ಮೇಲೆತ್ತಿ ಆಕಾಶ ನೋಡಬೇಕು. ಆ ಕ್ಷಣ ಹಿಂದೆ ಯಾರಿದ್ದಾರೆ ಎಂಬುದು ಆಟಗಾರ್ತಿಗೆ ತಿಳಿಯುವುದಿಲ್ಲ. ಆಕೆಯ ಕತ್ತು ಮೇಲೇಳುತ್ತಿರಲಿಲ್ಲ. ಹೆಗಲ ಮೇಲಿಂದ ಹಿಂದಕ್ಕೆ ಹೊರಳುತ್ತಿತ್ತು. ಎರಡು ಅವಕಾಶಗಳೂ ತಪ್ಪುತ್ತಿದ್ದವು, ಮತ್ತೆ ಮತ್ತೆ. ಹೀಗೆ ಎರಡೂ ತಪ್ಪುವುದನ್ನೇ ಬಾಜಿಯವರು ಮಾರಿಕೊಂಡದ್ದರ ಗುರುತು ಎನ್ನುತ್ತಾರೆ. ಹೆದರಿಕೆಯಿಂದ ತಪ್ಪುತ್ತಿದ್ದಳು, ತಪ್ಪಿದ್ದಕ್ಕೆ ಇನ್ನಷ್ಟು ಮೆಸೇಜು, ಅದರಿಂದ ಇನ್ನಷ್ಟು ಹೆದರಿಕೆ. ರೂಮಿನಲ್ಲಿ ಬಾಗಿಲ ಚಿಲಕವನ್ನು ಎದ್ದೆದ್ದು ನೋಡುವಳು. ನಿದ್ದೆ ಎಂಬುದು ಇಬ್ಬರಿಗೂ ಇಲ್ಲವಾಯಿತು.

ಒಂದು ದಿನ ಆಕೆಯೇ ಉಪಾಯ ಹೇಳಿದಳು: “ಅಕ್ಕಾ, ನೀ ನನ್ನ ಹಿಂದ ಕುಂಡ್ರು. ಹಿಂದ ಯಾರಾರ ಅಂತ ಗೊತ್ತಿದ್ರ ನಾ ಮ್ಯಾಲ ನೋಡ್ತೇನಿ.” ಅಂಥ ಸಣ್ಣ ಪಂದ್ಯಗಳಲ್ಲಿ ಬೇಲಿಯ ಹೊರಗೆ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತರೆ ಯಾರೂ ಕೇಳುವುದಿಲ್ಲ. ಆದರೆ ಟೆನ್ನಿಸಿನಲ್ಲಿ ಆಟಗಾರರು ಆಗಾಗ ಬದಿ ಬದಲಿಸುತ್ತಾರೆ. ಆಕೆ ಆ ಬದಿಗೆ ಹೋದಾಗಲೆಲ್ಲ ನಾನು ಕುರ್ಚಿ ಎತ್ತಿಕೊಂಡು ಬೇಲಿ ಸುತ್ತಿ ಆ ಬದಿಗೆ ಓಡುತ್ತಿದ್ದೆ. ಚಪ್ಪಲಿಯೊಳಗೆ ಮಣ್ಣು, ಸೀರೆಯ ನಿರಿಗೆ ಕೈಯಲ್ಲಿ. ಸರ್ವ್‌ಗೆ ಮುಂಚೆ ಆಕೆ ಹಿಂದೆ ನೋಡುವಳು. ನಾನಿರುತ್ತಿದ್ದೆ. ಆಮೇಲೆ ಕತ್ತು ಮೇಲೇಳುತ್ತಿತ್ತು. ಹೀಗೆ ಆಡಿ ಎರಡು ಪಂದ್ಯ ಗೆದ್ದಳು. “ನೀನೂ ಒಂದ ಸ್ಕರ್ಟ್ ಹಾಕ್ಕೊ, ಓಡಾಕ ಸಲೀಸ ಆಗ್ತೈತಿ,” ಎಂದು ಎಷ್ಟೋ ತಿಂಗಳಲ್ಲಿ ಮೊದಲ ಸಲ ನಗೆಯಾಡಿದಳು.

ಮೂರನೆಯ ಪಂದ್ಯದ ನಡುವೆ ಎದುರಾಳಿ ಹುಡುಗಿ ನನ್ನ ಕಡೆ ಬೆರಳು ತೋರಿಸಿ ಅಂಪೈರಿಗೆ ದೂರು ಹೇಳಿದಳು. ಈ ಹೆಂಗಸು ಹಿಂದೆ ಕುಳಿತು ಸನ್ನೆ ಮಾಡುತ್ತಾಳೆ, ಬದಿ ಬದಲಾದರೆ ತಾನೂ ಬದಲಾಗುತ್ತಾಳೆ, ಯಾಕೆ? ಅಧಿಕಾರಿಯೊಬ್ಬರು ಬಂದು ಸೌಜನ್ಯದಿಂದಲೇ ಇಂಗ್ಲಿಷಿನಲ್ಲಿ ಹೇಳಿದರು: ಒಂದೇ ಕಡೆ ಕುಳಿತಿರಿ, ಇಲ್ಲವೇ ಹೊರಗೆ ಹೋಗಿ. ಅವರಿಗೆ ನಾನು ಏನೆಂದು ವಿವರಿಸಲಿ? ಕಲ್ಲಿನ ಕಥೆ ಹೇಳತೊಡಗಿದೆ. ಅವರು ಕೇಳಿಸಿಕೊಂಡು, ಗಡಿಯಾರ ನೋಡಿ, ನಿಯಮ ನಿಯಮವೇ ಎಂದರು. ಅವರದೇನೂ ತಪ್ಪಿಲ್ಲ.

ನಾನು ಕುಳಿತಲ್ಲೇ ಕುಳಿತೆ. ಆಕೆ ಆಚೆ ಬದಿಗೆ ಹೋದಳು. ಈಗ ನನಗೆ ಆಕೆಯ ಮುಖ ಎದುರಿಗೆ ಕಾಣುತ್ತಿತ್ತು. ಚೆಂಡು ಕೈಯಲ್ಲಿ ಹಿಡಿದು ಹಿಂದಕ್ಕೆ ನೋಡಿದಳು. ಅಲ್ಲಿ ಖಾಲಿ ಬೇಲಿ, ಅದರಾಚೆ ಯಾರೋ ಇಬ್ಬರು ನಿಂತು ಫೋನು ನೋಡುತ್ತಿದ್ದರು. ಮತ್ತೆ ನೋಡಿದಳು. ಬೇಗ ಆಡಿ ಎಂದು ಅಂಪೈರು ಎಚ್ಚರಿಸಿದರು. ಚೆಂಡು ತೂರಿದಳು, ಮೇಲೆ ನೋಡಲಿಲ್ಲ. ಬಲೆಗೆ ಬಿತ್ತು. ಕಿಸೆಯಿಂದ ಎರಡನೆಯ ಚೆಂಡು ತೆಗೆದಳು. ಅದೂ ಬಲೆಗೆ. ಆಕೆ ಕೊನೆಯವರೆಗೂ ಆಡಿದಳು. ಅದನ್ನು ಇಷ್ಟಕ್ಕಿಂತ ಹೆಚ್ಚು ಬರೆಯಲಾರೆ...

ಈಗ ಆಕೆ ದೂರದ ನಗರವೊಂದರ ಕಚೇರಿಯಲ್ಲಿ ಕೆಲಸ ಮಾಡುತ್ತಾಳೆ. ಗೋಡೆಗೆ ಬೆನ್ನು ಬರುವಂಥ ಮೇಜನ್ನು ಕೇಳಿ ಪಡೆದಿದ್ದಾಳಂತೆ. ಅಪ್ಪ ಅವ್ವನೂ ಅಲ್ಲಿಯೇ. ಗಿರಣಿಯನ್ನು ಬೇರೆಯವರು ನಡೆಸುತ್ತಾರೆ. ಹಬ್ಬಕ್ಕೂ ಅವರು ಮುನವಳ್ಳಿಗೆ ಬರುವುದಿಲ್ಲ. ಆಕೆಯ ಫೋನ್ ನಂಬರು ನನ್ನ ಹತ್ತಿರವೂ ಇಲ್ಲ. ಹಳೆಯದೆಲ್ಲ ನೆನಪಾಗುತ್ತದೆ, ಅಕ್ಕನಿಗೂ ಕೊಡಬೇಡ ಎಂದು ಅವ್ವನಿಗೆ ಹೇಳಿದ್ದಾಳೆ. ನನಗೆ ಬೇಸರವಿಲ್ಲ ಎಂದರೆ ಸುಳ್ಳಾದೀತು. ಮೊನ್ನೆ ಅವರವ್ವ ತಾವೇ ಫೋನು ಮಾಡಿದ್ದರು. “ನಿದ್ದಿ ಚಲೋ ಬರ್ತೈತಿ ಈಗ ಆಕಿಗೆ, ನೀ ಕಾಳಜಿ ಮಾಡಬ್ಯಾಡ,” ಎಂದರು.

ಆ ನಿದ್ದೆ ಶುರುವಾದ ದಿನ ನಾನು ಜೊತೆಗಿದ್ದೆ. ಆ ಕೊನೆಯ ಪಂದ್ಯದ ಸಂಜೆ, ಮುಂದಿನ ಪಂದ್ಯಾವಳಿಗೆ ಹೆಸರು ಕೊಡುವ ಗಡುವು ಇತ್ತು. ಆಕೆ ಫೋನು ತೊಡೆಯ ಮೇಲಿಟ್ಟುಕೊಂಡು ಕುಳಿತಳು. ನಾನೂ ಎದುರಿಗೆ ಕುಳಿತೆ. ಹೊತ್ತು ಮೀರಿತು. ಹೆಸರು ಕೊಡಲಿಲ್ಲ. “ಅಕ್ಕಾ, ಇನ್ನ ಸಾಕು,” ಎಂದು ಮಗ್ಗುಲಾದಳು. ಚಿಲಕ ನೋಡಲು ಒಮ್ಮೆಯೂ ಏಳಲಿಲ್ಲ.

ಬೆಳಿಗ್ಗೆ ಕಣ್ಣು ಬಿಟ್ಟಾಗ ನಾನೂ ಇಡೀ ರಾತ್ರಿ ನಿದ್ದೆ ಮಾಡಿದ್ದೆ ಎಂದು ತಿಳಿದು ಆಶ್ಚರ್ಯವಾಯಿತು. ಕಿಟಕಿಯ ಬಿಸಿಲು ಆಕೆಯ ಮುಖದ ಮೇಲೆ ಬಿದ್ದಿತ್ತು, ಬಾಯಿ ಚಿಕ್ಕ ಮಕ್ಕಳಂತೆ ತೆರೆದಿತ್ತು. ಹೊರಗೆ ಎಲ್ಲೋ ಆಟಗಾರ್ತಿಯರು ಅಭ್ಯಾಸಕ್ಕೆ ಹೊರಡುವ ಸದ್ದು. ಅಭ್ಯಾಸದಂತೆ ಎಬ್ಬಿಸಲು ಕೈ ಚಾಚಿದೆ. ಆಮೇಲೆ ಕೈ ಹಿಂದಕ್ಕೆ ತೆಗೆದುಕೊಂಡು, ಪರದೆ ಎಳೆದು, ಅಳುವ ಸದ್ದು ಆಕೆಗೆ ಕೇಳದಂತೆ ಬಚ್ಚಲಿನ ಬಾಗಿಲು ಹಾಕಿಕೊಂಡೆ.