ಹದಿನೆಂಟು ತುಂಬುವ ಮೊದಲು

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಸಾಗರದ ವಕೀಲರೊಬ್ಬರ ಕಚೇರಿಯಲ್ಲಿ ಟೈಪಿಸ್ಟ್ ಆಗಿದ್ದೆ. ಹೆಂಗಸೊಬ್ಬಳು ಟೈಪ್ ಮಾಡುವುದನ್ನು ನೋಡಲೆಂದೇ ಕೆಲವು ಕಕ್ಷಿದಾರರು ಬಾಗಿಲಲ್ಲಿ ನಿಲ್ಲುತ್ತಿದ್ದರು. ದಿನವಿಡೀ ಗೇಣಿ ಜಮೀನಿನ ಅರ್ಜಿಗಳನ್ನೇ ಬಡಿದು ಬಡಿದು, ಕಾನೂನು ಎಂದರೆ ಸರ್ವೆ ನಂಬರು, ಚಕ್ಕುಬಂದಿ ಅಷ್ಟೇ ಅಂದುಕೊಂಡಿದ್ದೆ.

ಒಂದು ಮಧ್ಯಾಹ್ನ ನಿಟ್ಟೂರು ಕಡೆಯ ಅಜ್ಜಿಯೊಬ್ಬರು ಮೊಮ್ಮಗಳನ್ನು ಕರೆದುಕೊಂಡು ಬಂದರು. ಹುಡುಗಿಗೆ ಹದಿಮೂರಕ್ಕೇ ಮದುವೆ ಮಾಡಿ, ಓದು ಮುಗಿಯಲೆಂದು ತವರಿನಲ್ಲೇ ಇಟ್ಟುಕೊಂಡಿದ್ದರಂತೆ. ಈಗ ಎಸ್ಸೆಸ್ಸೆಲ್ಸಿ ಮುಗಿದಿತ್ತು; ಗಂಡನ ಕಡೆಯವರು ಕರೆದೊಯ್ಯಲು ದಿನ ಗೊತ್ತುಮಾಡಿದ್ದರು.

"ಹೆಣ್ಮಕ್ಳೂ ಮದ್ವೆ ಬ್ಯಾಡ ಅನ್ನಕ್ಕೆ ಕಾನೂನು ಬಂದಿದ್ಯಂತೆ, ಇವ್ಳ ಮೇಷ್ಟ್ರು ಹೇಳಿದ್ರು. ಹೌದಾ ಸ್ವಾಮಿ?" ಎಂದು ಅಜ್ಜಿ ಕೇಳಿದರು.

ವಕೀಲರು ಹೊಸ ತಿದ್ದುಪಡಿಯ ಪುಸ್ತಕ ತೆಗೆದು ಎರಡು ಸಲ ಓದಿದರು. "ಹೌದಮ್ಮ. ಹದಿನೈದು ತುಂಬೋಕೆ ಮುಂಚೆ ಮದ್ವೆ ಆಗಿದ್ರೆ, ಹದಿನೆಂಟರೊಳಗೆ ಹುಡುಗಿ ಅದನ್ನ ತಿರಸ್ಕರಿಸಬಹುದು. ಆಮೇಲೆ ವಿಚ್ಛೇದನ ಕೇಳಬಹುದು. ನಿಂಗೆಷ್ಟಮ್ಮ ವಯಸ್ಸು?"

"ಬರೋ ತಿಂಗ್ಳು ಹದಿನೆಂಟಾಗ್ತದೆ," ಎಂದಳು ಹುಡುಗಿ. "ಕಾರಣ ಎಂತ ಹೇಳ್ಬೇಕು?"

"ಬೇರೆ ಕಾರಣ ಬೇಕಿಲ್ಲ. ಬೇಡ ಅಂದ್ರೆ ಸಾಕು."

ನನ್ನ ಬೆರಳುಗಳು ಕೀಲಿಗಳ ಮೇಲೇ ನಿಂತುಬಿಟ್ಟವು. ನಮ್ಮ ಮನೆಯಲ್ಲಿ ಹಬ್ಬಕ್ಕೆ ಯಾವ ಬಣ್ಣದ ಸೀರೆ ಬೇಕೆಂದೂ ಹೆಣ್ಣುಮಕ್ಕಳನ್ನು ಕೇಳಿದವರಿಲ್ಲ. ಎಲ್ಲೋ ದೆಹಲಿಯಲ್ಲಿ ಕೂತವರಿಗೆ ನಿಟ್ಟೂರಿನ ಈ ಹುಡುಗಿಯ ಸಂಕಟ ಹೇಗೆ ತಿಳಿಯಿತು?

ಮದುವೆಯನ್ನು ತಿರಸ್ಕರಿಸಿದ್ದೇನೆಂದು ಹದಿನೆಂಟು ತುಂಬುವ ಮೊದಲೇ ಗಂಡನಿಗೆ ಪತ್ರ ಹೋಗಬೇಕಿತ್ತು. ಟೈಪ್ ಮಾಡಿಕೊಡಲೇ ಎಂದೆ. "ಬ್ಯಾಡ ಅಕ್ಕಾ, ನಾನೇ ಬರೀತೀನಿ," ಎಂದು ನನ್ನ ಮೇಜಿನ ತುದಿಯಲ್ಲೇ ಕೂತು ದುಂಡಗೆ ಬರೆದಳು. ನಾನೇ ಅಂಚೆ ಕಚೇರಿಗೆ ಓಡಿ ಹೋಗಿ ಅದನ್ನು ರಿಜಿಸ್ಟರ್ ಮಾಡಿ ಬಂದೆ. ಅವಳಿನ್ನೂ ಮೈನರ್ ಆದ್ದರಿಂದ, ಅವಳ ಪರವಾಗಿ ಅಜ್ಜಿ ಕೋರ್ಟಿನ ಅರ್ಜಿಗೆ ಹೆಬ್ಬೆಟ್ಟು ಒತ್ತಿದರು.

ಮರುವಾರ ಹುಡುಗಿಯ ಅಪ್ಪ ಕಚೇರಿಗೇ ಬಂದು ಕೂಗಾಡಿದರು. ಅಂದು ಅಜ್ಜಿಯೂ ಅಲ್ಲೇ ಇದ್ದರು. "ನೋಡಾ ಮಗಾ," ಎಂದರು, "ನಂಗೆ ಒಂಬತ್ತಕ್ಕೆ ಮಾಡಿದ್ರು. ಬೇಕಾ ಬ್ಯಾಡ್ವಾ ಅಂತ ಒಬ್ರೂ ಕೇಳ್ಲಿಲ್ಲ. ಇವ್ಳನ್ನಾದ್ರೂ ಕೇಳ್ಲಿ." ಮಗ ತಲೆತಗ್ಗಿಸಿ ಹೊರಟುಹೋದರು.

ವಿಚಾರಣೆಯ ದಿನ ನಾನೂ ಕೋರ್ಟಿಗೆ ಹೋದೆ. ಈ ಮದುವೆ ಬೇಕೋ ಬೇಡವೋ ಎಂದು ನ್ಯಾಯಾಧೀಶರು ಹುಡುಗಿಯನ್ನು ಕನ್ನಡದಲ್ಲೇ ಕೇಳಿದರು. "ಆವಾಗ ನಂಗೆ ಎಂತದೂ ಗೊತ್ತಾಗ್ತಿರ್ಲಿಲ್ಲ. ಈಗ ಗೊತ್ತಾಗ್ತದೆ. ನಂಗೆ ಬ್ಯಾಡ," ಎಂದಳು. ದನಿ ನಡುಗುತ್ತಿತ್ತು, ಆದರೆ ಹಿಂದಿನ ಬೆಂಚಿಗೂ ಕೇಳಿಸಿತು. ಕೋರ್ಟಿಗೆ ಬಂದಿದ್ದ ಅವಳ ಗಂಡ ಎದುರು ವಾದಿಸಲಿಲ್ಲ.

ಕೆಲವು ವಾರಗಳಲ್ಲಿ ವಿಚ್ಛೇದನ ಸಿಕ್ಕಿತು. ಅವಳು ಶಿಕ್ಷಕಿಯ ತರಬೇತಿ ಮುಗಿಸಿ ಮೇಗರವಳ್ಳಿ ಕಡೆಯ ಶಾಲೆಗೆ ಸೇರಿದಳು. ಎಷ್ಟೋ ವರ್ಷಗಳ ಮೇಲೆ ತೀರ್ಥಹಳ್ಳಿಯ ಬಸ್ ನಿಲ್ದಾಣದಲ್ಲಿ ಸಿಕ್ಕಳು. ಪಕ್ಕದಲ್ಲಿದ್ದವರನ್ನು ತೋರಿಸಿ, "ನಮ್ಮನೆಯವ್ರು, ಅವ್ರೂ ಮೇಷ್ಟ್ರೇ," ಎಂದು ನಕ್ಕಳು. ಆಗುಂಬೆ ಬಸ್ ಬಂತು. ಪರೀಕ್ಷೆಯ ಉತ್ತರಪತ್ರಿಕೆಗಳ ಕಟ್ಟನ್ನು ಎದೆಗವಚಿಕೊಂಡು ಅವಳು ಮೊದಲು ಹತ್ತಿದಳು.